ಇಬ್ಬರು ಮಾನುಲೆವಾ

ಫುವಾತಿನೊ ಕೂತಲ್ಲಿ ಕೂರುವ ಹೆಂಗಸಲ್ಲ. ಸಾವಿನ ಮನೆಯಲ್ಲೂ ಅಷ್ಟೆ. ಅತ್ತೆಯನ್ನು ಮಣ್ಣು ಮಾಡಿ ಬಂದ ಮೇಲೆ ಮನೆಯ ಹೆಂಗಸರೆಲ್ಲ ಉಸ್ಸೆಂದು ಕಂಬಗಳಿಗೆ ಒರಗಿದ್ದರು. ಇವಳು ಮಾತ್ರ ಹಿಂದಿನ ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಒಂದು ಗಳಿಗೆ ಕೂರುವುದು, ಎದ್ದು ಹೋಗಿ ಚಾಪೆಗಳನ್ನು ಇನ್ನೊಮ್ಮೆ ಮುಟ್ಟಿ ನೋಡುವುದು, ಬಾಗಿಲಿಗೆ ಬಂದು ರಸ್ತೆಯ ಕಡೆ ಕಣ್ಣು ಹಾಯಿಸುವುದು, ಮತ್ತೆ ಬಂದು ಕೂರುವುದು. ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದಳು.

"ಒಂದ್ಕಡೆ ಕೂತ್ಕೊಳೇ. ನಿನ್ನ ನೋಡ್ತಾ ನೋಡ್ತಾ ನಂಗೇ ತಲೆ ಸುತ್ತತ್ತೆ" ಎಂದಳು ತಾಲಿಲಂಗಿ.

ತಾಲಿಲಂಗಿ ಎಂದರೆ ಫುವಾತಿನೊಳ ಗಂಡ ಎಸೆರಾನ ಅಕ್ಕ. ತಾಯಿ ಹೋದ ಮೇಲೆ ಮನೆಗೆ ಈಗ ಅವಳೇ ಹಿರಿಯಳು. ಅವಳು ಬಾಯಿ ಮಾಡಿದರೆ ಊರಾಚೆಯ ಹಂದಿಗಳೂ ಕಿವಿ ನಿಮಿರಿಸುತ್ತವೆ ಎಂದು ವಾಯಿಸೀನಾ ಊರಿನಲ್ಲಿ ತಮಾಷೆ. ಅವಳ ಎದುರಿಗಲ್ಲ, ಹಿಂದೆ.

ಫುವಾತಿನೊಳ ಚಡಪಡಿಕೆಗೆ ಕಾರಣವಿತ್ತು. ನಮ್ಮ ಸಮೋವಾದಲ್ಲಿ ಸಾವಿನ ಮನೆಗೆ ಯಾರೂ ಬರಿಗೈಯಲ್ಲಿ ಬರುವುದಿಲ್ಲ. ಬಂದವರನ್ನು ಬರಿಗೈಯಲ್ಲಿ ಕಳಿಸುವುದೂ ಇಲ್ಲ. ಮೀನಿನ ಡಬ್ಬಿಗಳ ಪೆಟ್ಟಿಗೆ, ಉಪ್ಪು ಹಾಕಿದ ಮಾಂಸದ ಬಕೆಟ್ಟು, ಎಲ್ಲಕ್ಕಿಂತ ಮೇಲಾಗಿ ಚಾಪೆ. ಕೇದಗೆಯ ಗರಿಯನ್ನು ನೂಲಿನಷ್ಟು ಸಣ್ಣಗೆ ಸೀಳಿ ತಿಂಗಳುಗಟ್ಟಲೆ ನೇಯ್ದು ಅಂಚಿಗೆ ಕೆಂಪು ಪುಕ್ಕ ಕಟ್ಟಿದ ಚಾಪೆ. ಹಾಸಿ ಮಲಗುವುದಕ್ಕಲ್ಲ, ಕೊಡುವುದಕ್ಕೆ, ಪಡೆಯುವುದಕ್ಕೆ. ಮಣ್ಣಾದ ಮೇಲೆ ಊರ ಬಯಲಿನಲ್ಲಿ ಮನೆಯ ಪರವಾಗಿ ಮಾತಿನ ಯಜಮಾನ ಕೋಲು ಊರಿ ನಿಂತು, ಒಬ್ಬೊಬ್ಬರ ಮನೆತನದ ಪಟ್ಟದ ಹೆಸರು ಕೂಗಿ, ಅವರವರು ತಂದದ್ದಕ್ಕೆ ತಕ್ಕ ಹಾಗೆ ಮರಳಿ ಕೊಡಿಸುತ್ತಾನೆ. ಯಾರಿಗೆ ಯಾವ ಚಾಪೆ ಸಿಕ್ಕಿತು ಎನ್ನುವುದನ್ನು ಮೊಮ್ಮಕ್ಕಳ ಕಾಲದವರೆಗೂ ಮರೆಯುವವರಿಲ್ಲ. ಸತ್ತವರನ್ನಾದರೂ ಮರೆತಾರು.

ಹಿಂದಿನ ಸಲ, ಮಾವ ತೀರಿಕೊಂಡಾಗ, ಯಾರೋ ಒಬ್ಬ ಹಿರಿಯರ ಹೆಸರು ತಪ್ಪಿಹೋಗಿ, ಬೇಯಿಸಿದ ಹಂದಿಯನ್ನು ಮುಟ್ಟದೆ ಅವರು ಎದ್ದು ಹೋಗಿದ್ದರು. ಆ ಮನೆಯವರು ಇವತ್ತಿಗೂ ಚರ್ಚಿನಲ್ಲಿ ಈ ಮನೆಯವರ ಪಕ್ಕದ ಬೆಂಚಿನಲ್ಲಿ ಕೂರುವುದಿಲ್ಲ. ಅದಕ್ಕೇ ಈ ಬಾರಿ ಎಸೆರಾ ಬಾಯಿ ಬಿಟ್ಟಿದ್ದ. "ಹಡಗುಕಟ್ಟೆ ಆಫೀಸಲ್ಲಿ ಇಡೀ ಸವಾಯಿ ದ್ವೀಪದ ಸಾಮಾನಿನ ಲೆಕ್ಕ ಎಕ್ಸೆಲ್‌ನಲ್ಲಿ ಇಡ್ತಾಳೆ ಫುವಾ. ನಮ್ಮನೇದು ಇಡಲ್ವಾ?"

ತಾಲಿಲಂಗಿ ತಮ್ಮನ ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿದ್ದಳು. "ಇಡ್ಲಿ. ಆದ್ರೆ ಏನಾದ್ರೂ ಎಡವಟ್ಟಾಯ್ತೋ, ಆ ಕರಿಕಲ್ಲೂರಿನವಳ ತಲೆ ಮೇಲೆ."

ಕರಿಕಲ್ಲೂರು ಎಂದರೆ ಫುವಾತಿನೊಳ ತವರು, ಲೆಫಾಲಾ. ಎಂದೋ ಬೆಟ್ಟ ಉಗುಳಿದ ಕರಿಕಲ್ಲಿನ ಬಯಲಿನಾಚೆ ನಾಲ್ಕು ಮನೆ, ಒಂದು ಚರ್ಚು. ಕೆಸುವಿನ ಗೆಡ್ಡೆ ನೆಡಬೇಕಾದರೂ ಬೇರೆಡೆಯಿಂದ ಮಣ್ಣು ಹೊತ್ತು ತರಬೇಕಾದ ಊರು. ಮದುವೆಯಾಗಿ ಬಂದಂದಿನಿಂದ ಅವಳಿಗೆ ಈ ಮನೆಯಲ್ಲಿ ಅದೇ ಹೆಸರು. ಪಾತ್ರೆ ತೊಳೆದಿದ್ದಳು, ಒಲೆಯ ಕಲ್ಲು ಕಾಯಿಸಿದ್ದಳು, ಹಾಸಿಗೆ ಹಿಡಿದ ಅತ್ತೆಯ ಕಾಲು ಒತ್ತಿದ್ದಳು, ಹೆಸರು ಬದಲಾಗಲಿಲ್ಲ. ಒಂದೇ ಒಂದು ಕೆಲಸವನ್ನು ಯಾರೂ ಬೆರಳು ತೋರಿಸದ ಹಾಗೆ ಮಾಡಿ ಮುಗಿಸಬೇಕು ಎನ್ನುವುದು ಅವಳ ಹಟ. ಅದು ಈ ಕೆಲಸ.

ಮಾಡಿದ್ದಳು ಕೂಡ, ಚೆನ್ನಾಗಿಯೇ. ಒಂದು ಹಾಳೆಯಲ್ಲಿ ಬಂದದ್ದು: ಪಟ್ಟದ ಹೆಸರು, ಊರು, ಚಾಪೆ, ಪೆಟ್ಟಿಗೆ, ಬಕೆಟ್ಟು. ಇನ್ನೊಂದರಲ್ಲಿ ಕೊಡಬೇಕಾದದ್ದು, ಮರ್ಯಾದೆಯ ಸರದಿಯಲ್ಲಿ. ಎರಡರ ನಡುವೆ ಒಂದು ಫಾರ್ಮುಲಾ. ಇಲ್ಲಿಯೇ ಅವಳ ಜಾಣತನವಿದ್ದದ್ದು. ಸಾಮಾನ್ಯ ಫಾರ್ಮುಲಾಕ್ಕೆ ಒಂದು ಹೆಸರು ಕೊಟ್ಟರೆ ಅದು ಪಟ್ಟಿಯಲ್ಲಿ ಮೇಲಿನಿಂದ ಹುಡುಕಿಕೊಂಡು ಬಂದು, ಮೊದಲು ಸಿಕ್ಕವನ ಕೈ ಹಿಡಿದು, ಅಲ್ಲಿಗೆ ಕೆಲಸ ಮುಗಿಯಿತೆಂದು ನಿಂತುಬಿಡುತ್ತದೆ. ಅದೇ ಹೆಸರಿನ ಇನ್ನೊಬ್ಬ ಕೆಳಗಿದ್ದರೆ ಅವನ ಗೊಡವೆ ಅದಕ್ಕಿಲ್ಲ. ನಮ್ಮ ಪಟ್ಟಗಳ ಸಮಾಚಾರ ಹಾಗಲ್ಲ. ಒಂದು ಪಟ್ಟವನ್ನು ಅಣ್ಣತಮ್ಮಂದಿರು ಹಂಚಿಕೊಳ್ಳುತ್ತಾರೆ, ಅವರ ಮಕ್ಕಳು ಮತ್ತೆ ಹಂಚಿಕೊಳ್ಳುತ್ತಾರೆ. ಒಂದೇ ಹೆಸರಿನ ಯಜಮಾನರು ಮೂರು ಊರಿನಲ್ಲಿ ಮೂವರು. ಆದ್ದರಿಂದ ಅವಳು ಅರೇ ಎಂಬ ಬೇರೆ ಜಾತಿಯ ಫಾರ್ಮುಲಾ ಬರೆದಿದ್ದಳು. ಅದು ಒಬ್ಬೊಬ್ಬರನ್ನೇ ಕೇಳುತ್ತ ಹೋಗುವುದಿಲ್ಲ; ಪಟ್ಟದ ಕಾಲಂ, ಊರಿನ ಕಾಲಂ ಎರಡನ್ನೂ ಇಡಿಯಾಗಿ ಒಟ್ಟಿಗೆ ಜಾಲಾಡಿ, ಎರಡೂ ತಾಳೆಯಾದವನನ್ನೇ ಹೆಕ್ಕಿ ತರುತ್ತದೆ. ಇಡೀ ಕಾಲಂ ಆರಿಸಿ, ಒಂದೇ ಸಲ ಬರೆದು, ಕಂಟ್ರೋಲ್, ಶಿಫ್ಟ್, ಎಂಟರ್ ಮೂರನ್ನೂ ಒಟ್ಟಿಗೆ ಅದುಮಿದಾಗ ಎರಡು ಬದಿಗೂ ಬಳ್ಳಿಯಂಥ ಆವರಣ ಚಿಹ್ನೆ ಬಂದು ಕೂತಿತು. ಆ ಆಫೀಸಿನ ಹಳೇ ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ಕೂಡ ಹಳೇದೇ. ಮೂರು ಕೀಲಿ ಒತ್ತದಿದ್ದರೆ ಅದು ಮಾತು ಕೇಳುತ್ತಿರಲಿಲ್ಲ.

ಇಷ್ಟೆಲ್ಲ ಪಡಿಪಾಟಲು ಮುಖ್ಯವಾಗಿ ಒಂದು ಹೆಸರಿಗಾಗಿ: ಮಾನುಲೆವಾ. ಫಂಗಲೋತೊ ಊರಿನ ಮಾನುಲೆವಾ ಎಂದರೆ ದೊಡ್ಡ ಕುಳ. ಟ್ರಕ್ ತುಂಬಿಸಿಕೊಂಡು ಬಂದು ಎಲ್ಲರಿಗಿಂತ ಹೆಚ್ಚು ಕೊಟ್ಟವನು, ಪಟ್ಟಿಯಲ್ಲಿ ಮೊದಲನೆಯವನು. ಲೆಫಾಲಾದ ಮಾನುಲೆವಾ ಎಂದರೆ ಫುವಾತಿನೊಳ ಅಪ್ಪ. ಅಪ್ಪನ ಪಾಲಿಗೆ ಪಟ್ಟದಲ್ಲಿ ಹೆಸರೊಂದು ಬಂದಿತ್ತು, ಉಳಿದದ್ದೆಲ್ಲ ಫಂಗಲೋತೊಗೆ ಹೋಗಿತ್ತು. ಬೀಗರ ಮನೆಯ ಸಾವಿಗೆ ಅಪ್ಪ ತಂದದ್ದು ಒಂದು ಸಣ್ಣ ಚಾಪೆ, ಒಂದು ಪೆಟ್ಟಿಗೆ ಮೀನು. ಚಾಪೆಯ ಅಂಚು ಸೊಟ್ಟಗಿತ್ತು. ಕಣ್ಣು ಮಂಜಾದ ಸೋದರತ್ತೆ ನೇಯ್ದದ್ದು.

"ಇದು ಚಾಪೆನಾ, ಕಾಲೊರಸೋದಾ?" ಎಂದು ತಾಲಿಲಂಗಿ ಗಟ್ಟಿಯಾಗಿಯೇ ಕೇಳಿದ್ದಳು. ಫುವಾತಿನೊ ತಲೆ ಎತ್ತದೆ ಅಂಕಿ ತುಂಬಿಸಿದ್ದಳು. ಅಪ್ಪನಿಗೆ ಕೇಳಿಸಿತೋ ಇಲ್ಲವೋ ಎಂದು ನೋಡುವ ಧೈರ್ಯವೂ ಅವಳಿಗೆ ಆಗಲಿಲ್ಲ.

ಅಷ್ಟರಲ್ಲಿ ರಸ್ತೆಯಲ್ಲಿ ಧೂಳೆದ್ದಿತು. ವಿಮಾನ ಇಳಿದು, ದ್ವೀಪಕ್ಕೆ ದಾಟಿಸುವ ಹಡಗು ತಡವಾಗಿ ಸಿಕ್ಕಿಕೊಂಡಿದ್ದ ಆಕ್ಲೆಂಡಿನ ನೆಂಟರು ಎರಡು ವ್ಯಾನುಗಳಲ್ಲಿ ಬಂದಿಳಿದರು. ಅಪ್ಪಿ ಅತ್ತು, ಮೂಗು ಒರೆಸಿ, ತಂದದ್ದನ್ನು ರಾಶಿ ಹಾಕಿದರು. ಹೊರಗೆ ಬಯಲಿನಲ್ಲಿ ಯಜಮಾನರೆಲ್ಲ ಆಗಲೇ ತಂತಮ್ಮ ಜಾಗದಲ್ಲಿ ಕೂತಾಗಿತ್ತು.

"ಇವರನ್ನ ಸೇರ್ಸು, ಬೇಗ" ಎಂದಳು ತಾಲಿಲಂಗಿ. "ಪಾದ್ರಿಯವರ ಕೆಳಗೆ, ಮೂರನೇದಾಗಿ."

"ಕೊನೇಲಿ ಹಾಕ್ಲಾ ಅಕ್ಕಾ? ಮಧ್ಯ ಹಾಕೋಕೆ..."

"ಕೊನೇಲಿ? ಅಮ್ಮನ ಸ್ವಂತ ಅಣ್ಣನ ಮಕ್ಕಳು! ಕೊನೇಲಿ ಕೂಗಿದ್ರೆ ವಿಮಾನ ಹತ್ತೋವರೆಗೂ ನನ್ನ ಮುಖ ನೋಡಲ್ಲ ಅವರು. ಮೂರನೇದು ಅಂದ್ರೆ ಮೂರನೇದು."

ಫುವಾತಿನೊ ನಡುವೆ ಒಂದು ಸಾಲು ಸೇರಿಸಲು ಹೋದಳು. ಅರೇಯ ಒಂದು ಭಾಗವನ್ನು ಮಾತ್ರ ಬದಲಿಸಲು ಆಗುವುದಿಲ್ಲ ಎಂದು ಪರದೆ ಹೇಳಿತು. ಮತ್ತೆ ಮಾಡಿದಳು, ಮತ್ತೆ ಅದೇ. ಇಡಿಯಾಗಿ ಬರೆದ ಫಾರ್ಮುಲಾ ಇಡಿಯಾಗಿಯೇ ಇರುತ್ತದೆ. ನಡುವೆ ಯಾರನ್ನೂ ನುಗ್ಗಿಸಲು ಬಿಡುವುದಿಲ್ಲ. ಪೂರ್ತಿ ಅಳಿಸಿ, ಸಾಲು ಸೇರಿಸಿ, ಎಲ್ಲೆಗಳನ್ನು ತಿದ್ದಿ, ಹೊಸದಾಗಿ ಮೂರು ಕೀಲಿ ಒತ್ತಬೇಕು. ದೊಡ್ಡ ಕೆಲಸವೇನಲ್ಲ, ಕೋಕೊ ಕಾಯಿಸುವಷ್ಟು ಹೊತ್ತು ಬೇಕು. ಆ ಹೊತ್ತನ್ನು ಕೊಡುವವರು ಯಾರು?

"ಆಯ್ತಾ?" ತಾಲಿಲಂಗಿ ಅವಳ ಹೆಗಲ ಮೇಲೆ ಬಗ್ಗಿದ್ದಳು.

"ಒಂಚೂರು ತಡೀರಿ."

"ಫಾಯಿವಾ ಆಗ್ಲೇ ಕೋಲು ಹಿಡ್ಕೊಂಡು ನಿಂತಾಯ್ತು! ಕಾಗದ ಎಲ್ಲಿ ಅಂತ ಕೇಳ್ತಿದ್ದಾರೆ. ಪ್ರಿಂಟರ್ ಇರೋದು ಪಾದ್ರಿಯವರ ಮನೇಲಿ, ಅಲ್ಲೀವರೆಗೆ ಎಸೆರಾ ಓಡ್ಬೇಕು, ಅವನು ಓಡೋ ಚೆಂದ ನಿಂಗೇ ಗೊತ್ತಲ್ಲ. ಆಯ್ತಾ ಇಲ್ವಾ?"

ಅವಸರದ ಕೈ ಬುದ್ಧಿಯ ಮಾತು ಕೇಳುವುದಿಲ್ಲ. ಫುವಾತಿನೊ ಆ ಕಾಲಂಗಳನ್ನು ಅಳಿಸಿದಳು, ಮೂರನೆಯ ಸಾಲು ಸೇರಿಸಿದಳು. ಆಫೀಸಿನಲ್ಲಿ ದಿನಕ್ಕೆ ಹತ್ತಾರು ಸಲ ಬರೆದು ಬೆರಳಿಗೆ ಅಂಟಿದ್ದ ಸಾದಾ ಫಾರ್ಮುಲಾ ಒಂದನ್ನು, ಹೆಸರು ಕೊಟ್ಟರೆ ಅಂಕಿ ತರುವಂಥದ್ದನ್ನು, ಮೊದಲ ಸಾಲಿನಲ್ಲಿ ಬರೆದು ಕೆಳಗಿನವರೆಗೆ ಎಳೆದಳು. ಅಂಕಿಗಳು ಸರಸರನೆ ತುಂಬಿದವು. ಮೇಲಿನ ಮೂರು ಸಾಲು ನೋಡಿದಳು. ಸರಿಯಿತ್ತು. ಪೆನ್ ಡ್ರೈವ್ ಕಿತ್ತು ಗಂಡನ ಕೈಗೆ ತುರುಕಿದಳು. ಎಸೆರಾ ಸೊಂಟಕ್ಕೆ ಸುತ್ತಿದ್ದ ಲಾವಲಾವಾ ಎತ್ತಿ ಕಟ್ಟಿಕೊಂಡು, ಅವನ ಮಟ್ಟಿಗೆ, ಓಡಿದ.

ಫಾಯಿವಾ ಆ ಊರಿನ ಮಾತಿನ ಯಜಮಾನ. ನಿಂತರೆ ಅರ್ಧ ದಿನ ಮಾತಾಡಬಲ್ಲ, ಕೂತರೆ ಇನ್ನರ್ಧ. ಕಾಗದ ನೋಡಿ ಕೂಗುವುದು ಅವನಿಗೆ ಅವಮಾನವೇ. ಹಿಂದಿನ ಸಲ ಹೆಸರು ತಪ್ಪಿಸಿದವನು ತಾನೇ ಆದ್ದರಿಂದ ಸುಮ್ಮನೆ ಒಪ್ಪಿಕೊಂಡಿದ್ದ. ಕನ್ನಡಕ ಮೂಗಿನ ತುದಿಗೆ ಇಳಿಸಿ, ಕಾಗದವನ್ನು ತೋಳುದ್ದ ಹಿಡಿದು, ದೇವರನ್ನೂ ಬಂದ ಯಜಮಾನರನ್ನೂ ತೀರಿಕೊಂಡ ಹಿರಿಯಳನ್ನೂ ನೆನೆದು, ಶುರು ಮಾಡಿದ.

"ಫಂಗಲೋತೊದ ಮಾನುಲೆವಾ! ನಿಮ್ಮ ಪಾದಕ್ಕೆ ದೊಡ್ಡ ಚಾಪೆ ಬರ್ತಾ ಇದೆ! ಐದು ಪೆಟ್ಟಿಗೆ! ಎರಡು ಬಕೆಟ್ಟು!"

ಹಿಂದಿನ ಮನೆಯಿಂದ ಹೆಂಗಸರು ಚಾಪೆಯ ಎರಡು ತುದಿ ಹಿಡಿದು, ಬಿಡಿಸಿ, ಎಲ್ಲರಿಗೂ ಕಾಣುವ ಹಾಗೆ ಮೆರೆಸುತ್ತ ಹೊರಟರು. ಕೂತವರಿಂದ ಮೆಚ್ಚುಗೆಯ ಕೂಗು ಎದ್ದಿತು. ಮುಂದಿನವರಿಗೆ ಯಾವುದನ್ನು ತೆಗೆದಿಡಬೇಕೆಂದು ಹೇಳಲು ಫುವಾತಿನೊ ಪರದೆಯ ಮೇಲೆ ಬೆರಳಿಟ್ಟುಕೊಂಡು ಕೆಳಗೆ ಇಳಿದಳು. ಪಾದ್ರಿಯವರು. ಆಕ್ಲೆಂಡಿನವರು. ನಂತರದವರು. ಹಾಗೇ ಇಳಿಯುತ್ತ ಅಪ್ಪನ ಸಾಲಿಗೆ ಬಂದಳು.

ದೊಡ್ಡ ಚಾಪೆ ಒಂದು. ಪೆಟ್ಟಿಗೆ ಐದು. ಬಕೆಟ್ಟು ಎರಡು.

ಮೇಲೆ ನೋಡಿದಳು, ಕೆಳಗೆ ನೋಡಿದಳು. ಎರಡೂ ಒಂದೇ. ಮಾನುಲೆವಾ ಎಂದು ಕೇಳಿದ್ದಕ್ಕೆ ಆ ಸಾದಾ ಫಾರ್ಮುಲಾ ಮೊದಲು ಸಿಕ್ಕ ಮಾನುಲೆವಾನನ್ನೇ ಎರಡು ಸಲ ಹಿಡಿದು ತಂದಿತ್ತು. ಹೆಸರು ತಪ್ಪಿಹೋಗಿದ್ದರೆ ಹೇಗೋ ಸರಿಪಡಿಸಬಹುದಿತ್ತು. ಇದು ತಪ್ಪಿಹೋದದ್ದಲ್ಲ, ಊರಿಗೇ ಮೊದಲನೆಯವನ ಪಾಲು ಅವಳ ಸ್ವಂತ ಅಪ್ಪನಿಗೆ ಹೋಗುತ್ತಿತ್ತು. ಬರೆದವಳು ಅವಳು. ತಪ್ಪಿನಿಂದ ಆದದ್ದು ಎಂದು ಯಾವ ಬಾಯಿಂದ ಹೇಳುವುದು, ಯಾವ ಕಿವಿ ನಂಬೀತು? ಇನ್ನೊಂದು ಸಂಗತಿಯೂ ಅದರ ಬೆನ್ನಿಗೇ ಹೊಳೆಯಿತು. ದೊಡ್ಡ ಚಾಪೆಗಳು ಲೆಕ್ಕಕ್ಕೆ ಸರಿಯಾಗಿದ್ದವು. ಒಂದು ಅಪ್ಪನಿಗೆ ಹೋದರೆ ಕೊನೆಯವರಿಗೆ ಇರುವುದಿಲ್ಲ. ಕೊನೆಯವರು, ನಮ್ಮವರೇ ತಾನೇ ಎಂದು ತಾಲಿಲಂಗಿ ತಾನೇ ಕೊನೆಗೆ ಬರೆಸಿದ್ದ ಅವಳ ಗಂಡನ ಮನೆಯವರು.

ಅವಳು ಎದ್ದಳು, ಕೂತಳು, ಎದ್ದಳು. ಬಯಲಿಗೆ ಓಡಿ ಹೋಗಿ ಫಾಯಿವಾನ ಕಾಗದ ಕಿತ್ತುಕೊಳ್ಳುವ ಹಾಗಿಲ್ಲ. ಯಜಮಾನರು ಕೂತ ನಡುವೆ ಸೊಸೆಯೊಬ್ಬಳು ನಡೆದುಹೋದರೆ ಅದೇ ಇನ್ನೊಂದು ಹಗರಣ. ಹೆಂಗಸರ ಸಾಲಿನಲ್ಲಿ ಕೂತಿದ್ದ ತಾಲಿಲಂಗಿಗೆ ಕೈ ಬೀಸಿದಳು. ಅವಳು ನೋಡಿಯೂ ನೋಡದವಳ ಹಾಗೆ ಕೂತಳು. ಮತ್ತೆ ಬೀಸಿದಳು. ಕೊನೆಗೆ ತಾಲಿಲಂಗಿ ಸೊಂಟ ಹಿಡಿದುಕೊಂಡು ಎದ್ದು ಬಂದಳು.

"ಏನೇ ನಿಂದು?"

"ಅಕ್ಕಾ, ತಪ್ಪಾಗಿದೆ. ಅಪ್ಪಂಗೆ ಫಂಗಲೋತೊದವರ ಲೆಕ್ಕ ಬಂದ್ಬಿಟ್ಟಿದೆ. ಕೊನೇಲಿ ನಿಮ್ಮನೆಯವರಿಗೆ ಚಾಪೆ ಉಳಿಯಲ್ಲ."

ತಾಲಿಲಂಗಿ ಪರದೆಯನ್ನು ನೋಡಿದಳು, ಇವಳ ಮುಖವನ್ನು ನೋಡಿದಳು. ಒಂದು ಕ್ಷಣ ಬೈಗುಳ ಅವಳ ತುಟಿಯವರೆಗೆ ಬಂದದ್ದು ಫುವಾತಿನೊಗೆ ಕಂಡಿತು. ಬರಲಿಲ್ಲ.

"ಅದು ಹೇಗೆ ಬಂತು?"

"ಮೊದ್ಲು ಸರಿ ಇತ್ತು. ಆಕ್ಲೆಂಡಿನವರನ್ನ ಸೇರ್ಸೋವಾಗ ಹಳೇದು ಅಳಿಸಿ ಬೇರೆ ಹಾಕ್ದೆ. ಅದು ಊರು ನೋಡಲ್ಲ, ಬರೀ ಹೆಸರು ನೋಡತ್ತೆ. ನಂಗೆ ಹೊಳೀಲಿಲ್ಲ. ದೇವರಾಣೆ ಅಕ್ಕಾ, ಹೊಳೀಲಿಲ್ಲ."

"ಎಸೆರಾ!" ತಾಲಿಲಂಗಿ ತಮ್ಮನನ್ನು ಒಲೆಯ ಹತ್ತಿರದಿಂದ ಕರೆದಳು. "ಬಗ್ಗಿಕೊಂಡು ಹೋಗಿ ಫಾಯಿವಾ ಕಿವೀಲಿ ಹೇಳು. ಲೆಫಾಲಾದವರಿಗೆ ಸಣ್ಣ ಚಾಪೆ, ಎರಡು ಪೆಟ್ಟಿಗೆ. ಹೋಗೋ, ಹೋಗು!"

ಎಸೆರಾ ಬೆನ್ನು ಬಗ್ಗಿಸಿ, ದಾರಿಯಲ್ಲಿ ಸಿಕ್ಕ ಒಬ್ಬೊಬ್ಬ ಹಿರಿಯರಿಗೂ ಕ್ಷಮೆ ಕೇಳುತ್ತ, ಕೂತವರ ಹಿಂದಿನಿಂದ ಸುತ್ತು ಹಾಕಿ ಹೊರಟ. ಮರ್ಯಾದಸ್ಥ. ಆ ಮರ್ಯಾದೆಯೇ ಮುಳುವಾಯಿತು. ಅವನು ಅರ್ಧ ದಾರಿಯಲ್ಲಿ ಯಾರಿಗೋ ತಲೆಬಾಗಿಸುತ್ತಿದ್ದಾಗ ಫಾಯಿವಾ ಕಾಗದದ ಮೇಲೆ ಮುಂದಿನ ಹೆಸರಿಗೆ ಬಂದಿದ್ದ.

"ಲೆಫಾಲಾದ ಮಾನುಲೆವಾ!"

ಆಮೇಲೆ ನಿಂತ. ಕನ್ನಡಕ ಮೇಲೇರಿಸಿದ. ಕಾಗದ ಹತ್ತಿರ ತಂದ, ದೂರ ಹಿಡಿದ. ಬಯಲಿನ ಅಂಚಿನಲ್ಲಿ, ಕಂಬದ ಆಸರೆಯೂ ಇಲ್ಲದ ಕಡೆ ಕೂತಿದ್ದ ಮುದುಕ ತನ್ನ ಹೆಸರು ಕೇಳಿ ಬೆನ್ನು ನೆಟ್ಟಗೆ ಮಾಡಿಕೊಂಡ. ಫಾಯಿವಾನಿಗೇ ಅನುಮಾನ ಬರಲಿ, ಬಂದು ನಿಲ್ಲಿಸಲಿ ಎಂದು ಫುವಾತಿನೊ ಬೇಡಿಕೊಂಡಳು. ಅನುಮಾನ ಬಂದಿತ್ತು. ಆದರೆ ಮಾತನ್ನೇ ಉಂಡು ಬೆಳೆದವನಿಗೆ ಅನುಮಾನಕ್ಕಿಂತ ಅವಕಾಶ ದೊಡ್ಡದಾಗಿ ಕಾಣುತ್ತದೆ. ಮನೆಯವರು ಏನೋ ಯೋಚಿಸಿಯೇ ಹೀಗೆ ಮಾಡಿದ್ದಾರೆ ಎಂದುಕೊಂಡ ಫಾಯಿವಾ ಕೋಲನ್ನು ನೆಲಕ್ಕೆ ಕುಟ್ಟಿದ.

"ಬೀಗರು ಅಂದ್ರೆ ನೆರಳು! ಬಿಸಿಲಲ್ಲಿ ನಿಂತೋರಿಗೇ ನೆರಳಿನ ಬೆಲೆ ಗೊತ್ತು! ಕರಿಕಲ್ಲು ದಾಟಿ ಬಂದ ಪಾದ ಇದು. ಮಗಳನ್ನ ಕೊಟ್ಟು ಈ ಮನೆ ಒಲೆ ಆರದ ಹಾಗೆ ನೋಡ್ಕೊಂಡ ಪಾದ! ಮಾನುಲೆವಾ, ನಿಮಗೆ ದೊಡ್ಡ ಚಾಪೆ! ಐದು ಪೆಟ್ಟಿಗೆ! ಎರಡು ಬಕೆಟ್ಟು!"

ಆಮೇಲೆ ಕೂಗು ಎದ್ದಿತು. ಎಲ್ಲೆಡೆಯಿಂದ ಅಲ್ಲ, ಅಲ್ಲಲ್ಲಿ. ಫಂಗಲೋತೊದ ಮಾನುಲೆವಾ ತನ್ನ ಬೀಸಣಿಗೆಯನ್ನು ಆಡಿಸುವುದು ನಿಲ್ಲಿಸಿದ್ದ.

"ಇನ್ನೇನು ಮಾಡೋಕಾಗಲ್ಲ" ಎಂದಳು ತಾಲಿಲಂಗಿ. ಅವಳ ಧ್ವನಿ ತಗ್ಗಿತ್ತು. "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಕೂಗಿದ್ದನ್ನ ವಾಪಸ್ ಕೇಳಿದ್ರೆ ಅಮ್ಮನ ಗೋರಿ ಮೇಲೆ ಉಗುಳಿದ ಹಾಗೆ. ಕೊಡಿ, ಚಾಪೆ ಎತ್ತಿ ಕೊಡಿ."

ಹೆಂಗಸರು ಚಾಪೆ ಎತ್ತಿದರು. ಅದು ಬಿಚ್ಚಿಕೊಂಡು ಬಿಸಿಲಿಗೆ ಹೊಳೆಯಿತು. ಅಪ್ಪನ ಮುಂದೆ ಇಟ್ಟಾಗ ಅವನು ರೂಢಿಯ ಪ್ರಕಾರ ಹೇಳಬೇಕಾದ ಎರಡು ಮಾತನ್ನೂ ಮರೆತ. ಚಾಪೆಯ ಅಂಚನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು ಹಾಗೇ ಕೂತ. ಫುವಾತಿನೊಗೆ ಅಳು ಬಂತು, ಸಂತೋಷವೂ ಆಯಿತು, ಆ ಸಂತೋಷಕ್ಕೆ ನಾಚಿಕೆಯೂ ಆಯಿತು.

ಕೊನೆಯಲ್ಲಿ ತಾಲಿಲಂಗಿಯ ಗಂಡನ ಮನೆಯವರ ಹೆಸರು ಬಂದಾಗ, ದೊಡ್ಡ ಚಾಪೆಯೆಂದು ಫಾಯಿವಾ ಕೂಗಿದ. ಹೊರಗೆ ಹೋದದ್ದು ನಡುಗಾತ್ರದ್ದು. ಅವರು ನಕ್ಕರು. ತೀರ ಸಭ್ಯವಾಗಿ, ಹಲ್ಲು ಮಾತ್ರ ಕಾಣುವ ಹಾಗೆ. ಹೊತ್ತಾಯಿತೆಂದು ಹೇಳಿ ಊಟಕ್ಕೆ ಕೂರದೆ ಹೊರಟರು.

ಜನ ಸಾಮಾನು ಹೊರುತ್ತ ವ್ಯಾನು, ಟ್ರಕ್ಕುಗಳತ್ತ ಚದುರಿದರು. ಫುವಾತಿನೊ ಲ್ಯಾಪ್‌ಟಾಪ್ ಮುಚ್ಚಿದಳು, ತೆರೆದಳು, ಮುಚ್ಚಿದಳು. ಹೊರಗೆ ಹೋಗಿ ಕೈ ತೊಳೆದು ಬಂದಳು. ಕೈಯಲ್ಲಿ ಏನೂ ಇರಲಿಲ್ಲ. ನೀರಿನ ತೊಟ್ಟಿಯ ಹತ್ತಿರ ಇಬ್ಬರು ಹೆಂಗಸರು ಅವಳನ್ನು ಕಂಡು ಮಾತು ನಿಲ್ಲಿಸಿದ್ದರು. ನಿಲ್ಲಿಸುವ ಮುಂಚೆ ಆಡಿದ್ದು ಕೇಳಿಸಿತ್ತು: ಜೇನು ಕಿತ್ತೋರು ಕೈ ನೆಕ್ಕದೆ ಇರ್ತಾರಾ.

ಆಗ ಹಿಂದಿನ ಬಾಗಿಲಲ್ಲಿ ಅಪ್ಪ ಬಂದು ನಿಂತ. ಪಟ್ಟವಿರುವ ಯಜಮಾನ ಬೀಗರ ಮನೆಯ ಹಿಂಬಾಗಿಲಿಗೆ ಬರುವ ಪದ್ಧತಿಯಿಲ್ಲ. ಬಂದದ್ದಷ್ಟೇ ಅಲ್ಲ, ಮೆಟ್ಟಿಲ ಮೇಲೆ ಕೂತೂಬಿಟ್ಟ. ಮಡಿಸಿದ ಚಾಪೆ ತೊಡೆಯ ಮೇಲಿತ್ತು.

"ಅಪ್ಪಾ, ಈ ಕಡೆ ಯಾಕೆ ಬಂದ್ರಿ? ಯಾರಾದ್ರೂ ನೋಡಿದ್ರೆ?"

"ನೋಡ್ಲಿ ಬಿಡು. ಇವತ್ತು ನನ್ನ ನೋಡದೇ ಇರೋರು ಯಾರಿದ್ದಾರೆ?" ನಗಲು ನೋಡಿದ. "ಟ್ರಕ್ ಹತ್ರ ಆಡ್ಕೋತಾ ಇದ್ರು. ಬಡಿಸೋರು ನಮ್ಮೋರಾದ್ರೆ ಕೊನೇ ಸಾಲಲ್ಲಿ ಕೂತ್ರೂ ಚಿಂತೆಯಿಲ್ಲ ಅಂತ. ನನ್ನ ಕಣ್ಣು ಸ್ವಲ್ಪ ಮಂಜಾದ್ರೂ ಕಿವಿ ಚೆನ್ನಾಗಿದೆ, ಫುವಾ. ಕಾಲೊರಸೋದಾ ಅಂದಿದ್ದೂ ಕೇಳಿಸ್ತು."

ಫುವಾತಿನೊ ಬಾಗಿಲಿಗೆ ಬಂದು ಅವನ ಹತ್ತಿರ ನಿಂತಳು.

"ಒಂದು ಮಾತು ಕೇಳ್ತೀನಿ, ನಿಜ ಹೇಳ್ಬೇಕು. ಇದು ನಿನ್ನ ಯಂತ್ರ ಮಾಡಿದ ತಪ್ಪಾ? ಹಾಗಿದ್ರೆ ಹೇಳಿಬಿಡು. ಇನ್ನೂ ಜನ ಇದ್ದಾರೆ. ಈಗ್ಲೇ ಹೋಗಿ, ಬಯಲಲ್ಲಿ ಹಾಸಿ, ಇಷ್ಟು ದೊಡ್ಡದು ನನಗೆ ಹೆಚ್ಚಾಯ್ತು ಅಂತ ನಾನೇ ವಾಪಸ್ ಕೊಡ್ತೀನಿ. ಪಡೆದೋನು ತಾನಾಗಿ ಕೊಟ್ರೆ ಯಾರಿಗೂ ಅವಮಾನ ಇಲ್ಲ. ನಿನ್ನ ಹೆಸರು ಉಳಿಯತ್ತೆ."

"ಇಲ್ಲದೇ ಇದ್ರೆ?"

ಮುದುಕನ ಬೆರಳು ಕೆಂಪು ಪುಕ್ಕಗಳ ಮೇಲೆ ಓಡಾಡುತ್ತಿತ್ತು. "ನೀನು ಈ ಕಡೆ ಬಂದ್ಮೇಲೆ ಲೆಫಾಲಾ ಮರೆತೆ ಅಂದ್ಕೊಂಡಿದ್ದೆ. ನೀನು ಊರಿಗೆ ಬರೋದು ಕಮ್ಮಿ ಮಾಡ್ದೆ. ಬಂದ್ರೂ ನಿಂತ ಕಾಲಲ್ಲೇ ಹೋಗ್ತಿದ್ದೆ. ಅಪ್ಪನ ಹೆಸರು ಹೇಳ್ಕೊಳೋಕೆ ನಾಚ್ಕೆ ಅವಳಿಗೆ ಅಂತ ನಾನೇ ನನಗೆ ಹೇಳ್ಕೊಂಡು ಸುಮ್ಮನಾಗಿದ್ದೆ." ಚಾಪೆಯ ಮಡಿಕೆ ಸರಿಮಾಡಿದ. "ನಿಮ್ಮಮ್ಮ ಹೋದಾಗ ಅವಳ ಶವಪೆಟ್ಟಿಗೆ ಮೇಲೆ ಹೊದಿಸೋಕೆ ನೆರೆಮನೆಯವರ ಚಾಪೆ ಕೇಳಿ ತಂದೆ. ನಮ್ಮನೇಲಿ ಇಂಥದ್ದು ಯಾವತ್ತೂ ಇರ್ಲಿಲ್ಲ. ನೀನೇ ನೆನೆಸ್ಕೊಂಡು ಮಾಡಿದ್ದಾದ್ರೆ, ಯಾರು ಏನು ಬೇಕಾದ್ರೂ ಆಡ್ಕೊಳ್ಳಿ, ನಾನು ಕೊಡಲ್ಲ. ಹೇಳು."

ಸರಳವಾದ ಪ್ರಶ್ನೆ. ನಿಜ ಹೇಳಿದರೆ ಈ ಮನೆಯಲ್ಲಿ ಅವಳು ತಲೆ ಎತ್ತಿ ನಡೆಯಬಹುದು. ಅದಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ ಹೆಣಗಿದ್ದು? ಆದರೆ ಆ ನಿಜ ಎಂದರೆ ಇಷ್ಟೇ: ಅಪ್ಪಾ, ನಿನ್ನನ್ನು ಯಾರೂ ನೆನೆಸಿಕೊಳ್ಳಲಿಲ್ಲ, ನಾನೂ ನೆನೆಸಿಕೊಳ್ಳಲಿಲ್ಲ, ಒಂದು ಫಾರ್ಮುಲಾ ನಿನ್ನನ್ನು ಬೇರೆ ಯಾರೋ ಅಂದುಕೊಂಡಿತು.

"ನಾನೇ ಬೇಕಂತ ಮಾಡಿದ್ದು ಅಪ್ಪಾ" ಎಂದಳು.

"ನಿಜವಾ?"

"ನಿಜ. ನಿಮಗೆ ದೊಡ್ಡದೇ ಹೋಗ್ಲಿ ಅಂತ ಕೂತು ಬರೆದೆ."

ಮುದುಕ ಅವಳ ಕೆನ್ನೆ ತಟ್ಟಿದ. "ಕಳ್ಳಿ!" ಎಂದ. ಕಣ್ಣು ತುಂಬಿ ನಗುತ್ತಿದ್ದ. ಚಾಪೆಯನ್ನು ಮಗುವನ್ನು ಎತ್ತಿಕೊಂಡ ಹಾಗೆ ಎರಡು ತೋಳಿನಲ್ಲೂ ಎತ್ತಿಕೊಂಡು, ಹಿಂದಿನ ದಾರಿ ಬಿಟ್ಟು, ಬಯಲಿನ ನಟ್ಟನಡುವೆ ನಡೆದು ಟ್ರಕ್ಕಿನತ್ತ ಹೋದ.

ಫುವಾತಿನೊ ತಿರುಗಿದಾಗ, ಒಂದು ಬದಿಯಲ್ಲಿ ಗೋಡೆಯ ಬದಲು ಇಳಿಬಿಟ್ಟಿದ್ದ ಗರಿಯ ಪರದೆಯಾಚೆ ತಾಲಿಲಂಗಿ ನಿಂತಿದ್ದಳು. ಕೈಯಲ್ಲಿ ಎರಡು ಬಟ್ಟಲು ಕೋಕೊ ಇತ್ತು. ಒಂದು ಫುವಾತಿನೊಗೆಂದೇ ತಂದದ್ದು.

"ತಪ್ಪಾಗಿದೆ ಅಂತ ನೀನೇ ಹೇಳ್ದೆ ಆಗ" ಎಂದಳು ತಾಲಿಲಂಗಿ. "ದೇವರಾಣೆ ಇಟ್ಟೆ. ನಾನು ನಂಬಿದೆ. ಎಂಥ ಪೆದ್ದಿ ನಾನು! ಗಂಡನ ಮನೆಯವರು ಮುಖ ತಿರುಗಿಸಿ ಹೋಗ್ತಿದ್ರೆ ವ್ಯಾನಿನ ಹಿಂದೆ ಓಡಿದೆ ಕಣೇ. ಅವಸರ ಮಾಡಿದ್ದು ನಾನು, ಹುಡುಗೀದು ಏನೂ ತಪ್ಪಿಲ್ಲ, ಬೈಯೋದಾದ್ರೆ ನನ್ನ ಬೈರಿ ಅಂತ ಹೇಳ್ಕೊಂಡು ಬಂದೆ. ತೊಟ್ಟಿ ಹತ್ರ ಆಡ್ಕೋತಿದ್ದೋರ ಬಾಯಿ ಈಗ ತಾನೇ ಮುಚ್ಚಿಸಿ ಬಂದೆ."

ಗಂಡನನ್ನು ಬಿಟ್ಟರೆ ಈ ಮನೆಯಲ್ಲಿ ಯಾರೂ ಎಂದೂ ಫುವಾತಿನೊಳ ಪರವಾಗಿ ಮಾತಾಡಿದ್ದಿಲ್ಲ. ಮೊದಲ ಸಲ ಮಾತಾಡಿದವಳು ಇವಳು, ಅದೂ ಇವತ್ತು.

"ನಂಗೆ ಒಂದೇ ಒಂದು ಹೇಳು. ನನ್ನ ಹತ್ರ ಹೇಳಿದ್ದು ನಿಜವಾ, ನಿಮ್ಮಪ್ಪನ ಹತ್ರ ಹೇಳಿದ್ದು ನಿಜವಾ?"

ಹೇಳಿಬಿಡಬಹುದಿತ್ತು. ಅಕ್ಕಾ, ಮುದುಕನ ಸಂತೋಷಕ್ಕೆ ಸುಳ್ಳಾಡಿದೆ ಎಂದರೆ ಸಾಕಿತ್ತು. ತಾಲಿಲಂಗಿ ತಬ್ಬಿಕೊಳ್ಳುತ್ತಿದ್ದಳೋ ಏನೋ. ಆದರೆ ತಾಲಿಲಂಗಿಯ ಬಾಯಿ ಯಾರಿಗೆ ಗೊತ್ತಿಲ್ಲ. ಅವಳು ನಿಜ ತಿಳಿದು ಸುಮ್ಮನಿರುವವಳಲ್ಲ. ಪ್ರೀತಿಯಿಂದಲೇ, ಇವಳ ಹೆಸರು ಉಳಿಸಲೆಂದೇ, ಮನೆಮನೆಗೆ ಹೋಗಿ ಹೇಳುತ್ತಾಳೆ. ವಾಯಿಸೀನಾದಲ್ಲಿ ಆಡಿದ ಮಾತು ಕರಿಕಲ್ಲಿನ ಬಯಲು ದಾಟಿ ಲೆಫಾಲಾ ಮುಟ್ಟಲು ಎಷ್ಟು ಹೊತ್ತು? ಟ್ರಕ್ ಇನ್ನೂ ಹೊರಟಿರಲಿಲ್ಲ. ಅದರ ಹಿಂಬದಿಯಲ್ಲಿ ಅಪ್ಪ ಚಾಪೆಯನ್ನು ಮೊಣಕಾಲ ಮೇಲೆ ಹರಡಿಕೊಂಡು ಪಕ್ಕದವರಿಗೆ ಏನೋ ಹೇಳುತ್ತಿದ್ದ, ಕೈ ಈ ಮನೆಯ ಕಡೆ ತೋರಿಸುತ್ತಿದ್ದ.

"ಅಪ್ಪನ ಹತ್ರ ಹೇಳಿದ್ದೇ ನಿಜ" ಎಂದಳು ಫುವಾತಿನೊ.

ತಾಲಿಲಂಗಿ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ತಂದಿದ್ದ ಬಟ್ಟಲನ್ನು ಕೊಡದೆ, ಎರಡನ್ನೂ ಹಿಡಿದುಕೊಂಡೇ ತಿರುಗಿದಳು.

"ಸರಿ. ಇನ್ಮೇಲೆ ನನ್ನ ಅಕ್ಕಾ ಅಂತ ಕರೀಬೇಡ" ಎಂದು ಹೇಳಿ ಒಳಗೆ ಹೋದಳು.

ಟ್ರಕ್ ಹೊರಟಿತು. ಅಪ್ಪ ಕೈ ಎತ್ತಿದ, ಅವಳೂ ಎತ್ತಿದಳು. ಆಮೇಲೆ ಒಲೆಯ ಹತ್ತಿರ ರಾಶಿ ಬಿದ್ದಿದ್ದ ಪಾತ್ರೆ ತೊಳೆಯಲು ಹೋದಳು. ಅಲ್ಲಿ ಕೂತಿದ್ದ ಉಳಿದ ಸೊಸೆಯಂದಿರು ಅವಳಿಗೆ ಸರಿದು ಜಾಗ ಕೊಟ್ಟರು, ಬೇಕಾದ್ದಕ್ಕಿಂತ ಹೆಚ್ಚೇ ಜಾಗ.